ಎಲ್ಲಾದ್ರಲ್ಲೂ ಎಂ.ಎ.

ಅಕ್ಕನಿಗೆ ಈಗೀಗ ಮದುವೆ ಮನೆ ಅಂದರೆ ಭಯ. ಎಲೆ ಹಾಕುವ ಮೊದಲೇ ಯಾರೋ ಕೇಳಿಬಿಡುತ್ತಾರೆ: 'ಮಗ ಏನ್ ಮಾಡ್ತಿದ್ದಾನೆ?' 'ಎಂ.ಎ.' 'ಯಾವುದ್ರಲ್ಲಿ?' ವರ್ಷವಿಡೀ ತಡವರಿಸಿ ಕೊನೆಗೆ ಅವಳೊಂದು ಉತ್ತರ ಕಂಡುಕೊಂಡಿದ್ದಾಳೆ: 'ಎಲ್ಲಾದ್ರಲ್ಲೂ ಸ್ವಲ್ಪ ಸ್ವಲ್ಪ.' ಕೇಳಿದವರು ಮುಂದೆ ಮಾತಾಡದೆ ಕೋಸಂಬರಿ ಕಡೆ ನೋಡುತ್ತಾರೆ.

ಸುಹಾಸ ಓದುತ್ತಿರುವುದು ಅಂತರಶಿಸ್ತೀಯ ಮಾನವಿಕ ಅಧ್ಯಯನ. ಇಂಜಿನಿಯರಿಂಗ್ ಮುಗಿಸಿ, ರಿಂಗ್ ರೋಡಿನ ಕಂಪನಿಯೊಂದರಲ್ಲಿ ನಾಲ್ಕು ವರ್ಷ ಕೋಡ್ ಬರೆದು, ಒಂದು ದಿನ ರಾಜೀನಾಮೆ ಬಿಸಾಕಿ ದಿಲ್ಲಿ ರೈಲು ಹತ್ತಿದವನು. ಕೆಇಬಿಯಲ್ಲಿ ದುಡಿದು ನಿವೃತ್ತರಾದ ಭಾವ ಆ ಪದವನ್ನು ಮೊದಲ ಸಲ ಕೇಳಿದಾಗ ಪೇಪರ್ ಮಡಿಸಿ, 'ಅಂತರ ಕಾಣ್ತಿದೆ, ಶಿಸ್ತು ಎಲ್ಲಿ?' ಅಂದರು. ಗಂಟೆ ಹತ್ತೂಕಾಲು, ಮಗ ಆಗಷ್ಟೇ ಹಲ್ಲುಜ್ಜುತ್ತಿದ್ದ.

ಇಂಥವರನ್ನು ನೀವೂ ನೋಡಿರುತ್ತೀರಿ. ಹೆಗಲಿಗೊಂದು ಜೋಳಿಗೆ, ಅದರೊಳಗೆ ಅರ್ಧ ಓದಿದ ನಾಲ್ಕು ಪುಸ್ತಕ. ರಜೆಗೆ ಬಂದರೆಂದರೆ ಮನೆಯಲ್ಲಿ ಯಾವುದೂ ಸರಳವಾಗಿ ಉಳಿಯುವುದಿಲ್ಲ. ಇವನಿಗೆ ಉಪ್ಪಿಟ್ಟು ಬೇಡ ಅನ್ನಲು ಬರುವುದಿಲ್ಲ. 'ಉಪ್ಪಿಟ್ಟಿನ ಯಜಮಾನಿಕೆ' ಅನ್ನುತ್ತಾನೆ. 'ಸಂಕಥನ ಆಯ್ತಲ್ಲ, ತಟ್ಟೆ ತೊಳೆದಿಡು' ಅಂತ ಅಕ್ಕ ಅಂದರೆ ತೊಳೆದಿಡುತ್ತಾನೆ, ಪಾಪ.

ಓದುವುದೆಲ್ಲ ಜೆರಾಕ್ಸ್, ಸ್ಪೈರಲ್ ಬೈಂಡಿಂಗ್. ಪುಟದ ತುಂಬ ಹಳದಿ ಹೈಲೈಟರ್. ಎಲ್ಲಾದರೂ ಬಳಿಯದ ಸಾಲು ಸಿಕ್ಕಿದರೆ ಅದೇ ಮುಖ್ಯ ಅಂತ ತಿಳಿಯಬೇಕು. ಒಮ್ಮೆ ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯ ಹುಡುಗನನ್ನು ಹಿಡಿದುಕೊಂಡು, ದೊಡ್ಡ ದೊಡ್ಡ ಪ್ರಕಾಶಕರು ದಿಲ್ಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯೊಂದರ ಮೇಲೆ ದಾವೆ ಹೂಡಿದ್ದನ್ನೂ, ಪಾಠಕ್ಕಾಗಿ ಪ್ರತಿ ತೆಗೆದರೆ ತಪ್ಪಲ್ಲವೆಂದು 2016ರಲ್ಲಿ ದಿಲ್ಲಿ ಹೈಕೋರ್ಟು ತೀರ್ಪು ಕೊಟ್ಟದ್ದನ್ನೂ ಹತ್ತು ನಿಮಿಷ ವಿವರಿಸಿದ. ಹುಡುಗ ಪೂರ್ತಿ ಕೇಳಿಸಿಕೊಂಡು, 'ಎರಡೂ ಕಡೆ ಹಾಕ್ಲಾ ಸಾರ್, ಒಂದೇ ಕಡೆನಾ?' ಅಂದ.

ಅವನ ಪ್ರಬಂಧದ ವಿಷಯ ಬೈಟು ಕಾಫಿ. ನಗಬೇಡಿ, ನಾನು ನಕ್ಕು ಮುಗಿಸಿದ್ದೇನೆ. ಹಾಬರ್‌ಮಾಸ್ ಎಂಬ ಜರ್ಮನ್ ಚಿಂತಕ 1962ರ ತಮ್ಮ ಪುಸ್ತಕದಲ್ಲಿ ಇಂಗ್ಲೆಂಡಿನ ಹಳೆಯ ಕಾಫಿಮನೆಗಳ ಮಾತೆತ್ತುತ್ತಾರೆ. ಜನ ಅಲ್ಲಿ ಕೂತು, ಪತ್ರಿಕೆ ಓದಿ, ವಾದಕ್ಕಿಳಿದೇ ಸಾರ್ವಜನಿಕ ಅಭಿಪ್ರಾಯ ಅನ್ನುವುದು ಬೆಳೆಯಿತಂತೆ. ಸುಹಾಸನ ತಕರಾರು: ಕೂರಲಿಕ್ಕೆ ಕುರ್ಚಿ ಎಲ್ಲಿದೆ? 1980ರ ದಶಕದಲ್ಲಿ ಬೆಂಗಳೂರಿಗೆ ದರ್ಶಿನಿ ಬಂತು, ನಾವೆಲ್ಲ ಎದ್ದು ನಿಂತೆವು. ನಿಂತವನ ವಾದಕ್ಕೆ ನಾಲ್ಕೇ ನಿಮಿಷ ಆಯುಸ್ಸು. ಇದನ್ನು ಬಿಡಿಸಲು ಇತಿಹಾಸ, ಸಮಾಜಶಾಸ್ತ್ರ, ಭಾಷೆ ಮೂರೂ ಬೇಕು ಅನ್ನುತ್ತಾನೆ. ಬೇಕೇನೋ.

ರಜೆಯಿಡೀ ಒಂದೇ ದರ್ಶಿನಿಯ ಕಂಬಕ್ಕೊರಗಿ ನಿಂತು ಅವನು ಕಂಡದ್ದು ಇಷ್ಟು. ಬೈಟುವನ್ನು ಎಷ್ಟೇ ಹದವಾಗಿ ಸುರಿದರೂ ಒಂದು ಲೋಟ ಕೂದಲೆಳೆಯಷ್ಟು ಹೆಚ್ಚು ತುಂಬಿರುತ್ತದೆ. ಟೋಕನ್ನಿಗೆ ದುಡ್ಡು ಕೊಟ್ಟವನು ಆ ಲೋಟವನ್ನು ಇನ್ನೊಬ್ಬನ ಕಡೆ ಸರಿಸುತ್ತಾನೆ. ನಲವತ್ತು ವರ್ಷ ಬೈಟು ಕುಡಿದ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ.

ಕೋರ್ಸು ಮುಗಿಯುತ್ತ ಬಂದಿದೆ. ಕಾಲೇಜಿನಲ್ಲಿ ಪಾಠ ಹೇಳಬೇಕಾದರೆ 'ಸಂಬಂಧಪಟ್ಟ ವಿಷಯದಲ್ಲಿ' ಶೇ. 55 ಅಂಕ ಬೇಕು. ಅಂಕಕ್ಕೇನೂ ಬರವಿಲ್ಲ, ಸಂಬಂಧದ್ದೇ ತೊಡಕು. ವಿಚಾರಿಸಿದರೆ ಇತಿಹಾಸದವರು ಸಮಾಜಶಾಸ್ತ್ರದ ಬಾಗಿಲು ತೋರಿಸಿದರು, ಅವರು ಇಂಗ್ಲಿಷಿನ ಕಡೆ ಕೈ ಮಾಡಿದರು, ಥೇಟ್ ತಾಲ್ಲೂಕು ಕಚೇರಿಯ ಟೇಬಲ್ಲುಗಳ ಹಾಗೆ. ನೆಟ್ ಪರೀಕ್ಷೆಯ ಅರ್ಜಿಯಲ್ಲೂ ಒಂದೇ ವಿಷಯ ಆರಿಸಬೇಕು. ಅಲ್ಲಿ ಬೈಟು ಕೊಡುವುದಿಲ್ಲ.

ಮೊನ್ನೆ ಇದನ್ನೆಲ್ಲ ಹೇಳಿಕೊಳ್ಳಲು ನನ್ನನ್ನು ದರ್ಶಿನಿಗೆ ಕರೆದುಕೊಂಡು ಹೋದ. ಕ್ಯಾಶ್ ಕೌಂಟರಿನ ಮುಂದೆ, 'ಮಾವ, ಫೋನಲ್ಲಿ ಚಾರ್ಜ್ ಇಲ್ಲ' ಅಂದ. ಟೋಕನ್ ನಾನೇ ತೆಗೆದೆ. ಎರಡು ಲೋಟ ಬಂದವು. ನನ್ನ ಕೈ ನನ್ನನ್ನೂ ಕೇಳದೆ ತುಂಬಿದ ಲೋಟವನ್ನು ಅವನತ್ತ ಸರಿಸಿತು. ಅವನು ಕುಡಿಯಲಿಲ್ಲ. ಜೋಳಿಗೆಯಿಂದ ನೋಟ್‌ಬುಕ್ ತೆಗೆದು, ಬಗ್ಗಿ ಬರೆದುಕೊಳ್ಳತೊಡಗಿದ. ಕಾಫಿ ಕೆನೆಗಟ್ಟಿತು.