ರೈಲಿಲ್ಲದ ಊರಿನ ರೈಲ್ವೆ ಮಂತ್ರಿ

ಕಾರ್ಕಳಕ್ಕೆ ರೈಲಿಲ್ಲ. ಬೆಟ್ಟದ ಮೇಲೆ ಬಾಹುಬಲಿ 1432ರಿಂದ ನಿಂತಿದ್ದಾನೆ. ಕೆಳಗೆ ಬಸ್ ಸ್ಟ್ಯಾಂಡಿನಲ್ಲಿ ನಾವೂ ಅವನಿಗೇನೂ ಕಡಿಮೆಯಿಲ್ಲದಂತೆ ನಿಂತಿರುತ್ತೇವೆ. ರೈಲೇ ಬೇಕೆಂದರೆ ಬೈಲೂರು, ಹಿರಿಯಡ್ಕ, ಪರ್ಕಳ, ಮಣಿಪಾಲ ದಾಟಿ ಇಂದ್ರಾಳಿಯಲ್ಲಿ ಇಳಿಯಬೇಕು. ಉಡುಪಿ ರೈಲ್ವೆ ನಿಲ್ದಾಣ ಇರುವುದು ಅಲ್ಲಿ. ಅದಕ್ಕೇ ಇರಬೇಕು, ರೈಲಿನ ವಿಷಯದಲ್ಲಿ ಕಾರ್ಕಳದ ಗಂಡಸರಿಗಿರುವಷ್ಟು ಜ್ಞಾನ ಜಂಕ್ಷನ್ ಊರುಗಳಲ್ಲಿ ಹುಟ್ಟಿದವರಿಗೂ ಇಲ್ಲ. ನನ್ನನ್ನೇ ತೆಗೆದುಕೊಳ್ಳಿ. ಮಂಗಳೂರು–ಉಡುಪಿ ನಡುವೆ ರೈಲು ಶುರುವಾದದ್ದು 1993ರಲ್ಲಿ, ರೋಹಾದಿಂದ ತೋಕೂರಿನವರೆಗೆ 741 ಕಿಲೋಮೀಟರ್ ಕೊಂಕಣ ರೈಲ್ವೆ ಪೂರ್ತಿ ತೆರೆದದ್ದು 1998ರ ಜನವರಿ 26ರಂದು, ಎಲ್ಲ ನನಗೆ ಬಾಯಿಪಾಠ. ಜಾರ್ಜ್ ಫೆರ್ನಾಂಡಿಸ್, ಶ್ರೀಧರನ್ ಎಂದು ನಾನು ಹೆಸರು ಹೇಳುವ ಧಾಟಿ ಕೇಳಿದರೆ ಸುರಂಗ ಕೊರೆದ ಮೂರನೆಯವನು ನಾನೇ ಎಂದು ಹೊಸಬರು ತಿಳಿಯಬೇಕು.

ಮಣಿಪಾಲದಲ್ಲಿ ಇಂಜಿನಿಯರಿಂಗ್ ಮುಗಿಸಿ, ಎಂ.ಎಸ್. ಓದಲು ಜರ್ಮನಿಯ ಆಖೆನ್ ಎಂಬ ಊರಿಗೆ ಹೋದ ಮಗಳು, ಬೇಸಿಗೆ ರಜೆಯಲ್ಲಿ ರೈಲಿನಲ್ಲಿ ಯುರೋಪ್ ಸುತ್ತುತ್ತೇನೆ ಎಂದಾಗ ಈ ಜ್ಞಾನಕ್ಕೆಲ್ಲ ಕೊನೆಗೂ ಒಂದು ಖಾತೆ ಸಿಕ್ಕಿತು. ನಾನು ರೈಲ್ವೆ ಮಂತ್ರಿಯಾದೆ. ಹಣಕಾಸು ಮತ್ತು ಆಹಾರ ಎಂದಿನಂತೆ ಹೆಂಡತಿಯ ಬಳಿಯೇ ಉಳಿದವು.

ದುಡ್ಡಿನ ಪರಿಸ್ಥಿತಿ ಹೀಗಿತ್ತು. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಒಂದು ವರ್ಷದ ಖರ್ಚು 11,904 ಯೂರೋ ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕು. ಇಟ್ಟದ್ದು ನಮ್ಮದೇ ದುಡ್ಡಾದರೂ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಬಾಡಿಗೆ, ವಿಮೆ, ಅಕ್ಕಿ, ಬೇಳೆ ಕಳೆದು ಉಳಿಯುವುದರಲ್ಲಿ ಯುರೋಪ್. ಆದರೆ ಉಡುಪಿ ಜಿಲ್ಲೆಯ ಮಕ್ಕಳಿಗೆ ಇದೊಂದು ಲೆಕ್ಕವಲ್ಲ. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಕಟ್ಟಿಸಿಕೊಳ್ಳುವ ಪಿಗ್ಮಿ ಡೆಪಾಸಿಟನ್ನು ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರುಮಾಡಿದ್ದು ಇದೇ ಮಣ್ಣಿನಲ್ಲಿ. ನಾನೂ ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಿಯೇ ನಿವೃತ್ತನಾದವನು. ಮಗಳು ಕ್ಯಾಂಟೀನಿನ ಕಾಫಿ ಬಿಟ್ಟು, ಖಾಲಿ ಬಾಟಲಿ ಒಟ್ಟುಹಾಕಿ ರೈಲು ಪಾಸಿನ ದುಡ್ಡು ಹೊಂದಿಸಿದಳು. ಜರ್ಮನಿಯಲ್ಲಿ ನೀರಿನ ಬಾಟಲಿಯ ಮೇಲೆ 25 ಸೆಂಟ್ ಠೇವಣಿ ಇರುತ್ತದೆ, ಅಂಗಡಿಯ ಯಂತ್ರಕ್ಕೆ ಬಾಟಲಿ ಹಾಕಿದರೆ ಚೀಟಿ ಬರುತ್ತದೆ. "ಅಷ್ಟು ಓದಿಸಿ ಗುಜರಿ ಹೆಕ್ಕಲಿಕ್ಕೆ ಕಳಿಸಿದ ಹಾಗಾಯ್ತು" ಎಂದು ಹೆಂಡತಿ ನಿಟ್ಟುಸಿರು ಬಿಟ್ಟಳು. ನನಗೆ ಹೆಮ್ಮೆಯಲ್ಲಿ ಎದೆ ಉಬ್ಬಿತು.

ಪಾಸಿನ ಹೆಸರು ಇಂಟರ್‌ರೇಲ್. 1972ರಲ್ಲಿ, ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟಕ್ಕೆ ಐವತ್ತು ತುಂಬಿದ ನೆನಪಿಗೆ, ಇಪ್ಪತ್ತೊಂದರ ಒಳಗಿನ ಹುಡುಗ ಹುಡುಗಿಯರಿಗೆಂದು ಶುರುವಾದದ್ದು. ಈಗ ಯಾರೂ ಕೊಳ್ಳಬಹುದು. 27 ವರ್ಷದವರೆಗೆ ರಿಯಾಯಿತಿ. 33 ದೇಶಗಳ ರೈಲುಗಳಿಗೆ ನಡೆಯುತ್ತದೆ. ಯುರೋಪಿನಲ್ಲಿ ವಾಸ ಇದ್ದವರಿಗೆ ಇಂಟರ್‌ರೇಲ್. ನಮ್ಮಂಥ ಹೊರಗಿನವರಿಗೆ 1959ರಿಂದಲೇ ಇರುವ ಯೂರೇಲ್. ನಮ್ಮ ಕಡೆ ಬಳಿ, ಅಂದರೆ ಗೋತ್ರ, ತಾಯಿಯಿಂದ ಬರುತ್ತದೆ, ಹಾಗಾಗಿ ತಾಯಿ ಮಗಳು ಒಂದು ಬಳಿ, ನಾನೊಬ್ಬ ಬೇರೆ. ಪಾಸಿನ ಲೆಕ್ಕದಲ್ಲಿ ಮಾತ್ರ ನಾನೂ ಹೆಂಡತಿಯೂ ಒಂದಾಗಿ, ಮಗಳು ಬೇರೆಯಾದಳು. ಮದುವೆಯಾದ ಮೇಲೆ ನನ್ನ ಪಕ್ಷಕ್ಕೆ ಬಹುಮತ ಬಂದದ್ದು ಇದೇ ಮೊದಲು.

ಮಗಳು ತೆಗೆದುಕೊಂಡದ್ದು ಎರಡು ತಿಂಗಳ ಒಳಗೆ ಹತ್ತು ದಿನ ಓಡಾಡುವ ಪಾಸ್. ಆ ದಿನಗಳಲ್ಲಿ ಎಷ್ಟು ರೈಲು ಬೇಕಾದರೂ ಹತ್ತಬಹುದು. ನಾನು ನಿಯಮಾವಳಿಯನ್ನು ಸಾಲದ ಪತ್ರ ಓದುವ ಕಣ್ಣಿನಲ್ಲಿ ಓದಿದೆ. ಮೊದಲು ಸಿಕ್ಕಿದ್ದು ಕಲ್ಲು: ಫ್ರಾನ್ಸ್, ಸ್ಪೇನ್, ಇಟಲಿಯ ವೇಗದ ರೈಲುಗಳಿಗೆ ಪಾಸ್ ಇದ್ದರೂ ಸೀಟಿಗೆ ಪ್ರತ್ಯೇಕ ದುಡ್ಡು. "ಊಟಕ್ಕೆ ಕರೆದು ಬಾಳೆಲೆಗೆ ಬೇರೆ ದುಡ್ಡು ಕೇಳಿದ ಹಾಗಾಯ್ತಲ್ಲ ಮಾರಾಯ್ರೆ" ಎಂದಳು ಹೆಂಡತಿ. ಆಮೇಲೆ ಸಿಕ್ಕಿದ್ದು ಬಂಗಾರ: ರಾತ್ರಿ ಹತ್ತಿ ಬೆಳಿಗ್ಗೆ ಇಳಿಯುವ ರೈಲಾದರೆ, ನಡುರಾತ್ರಿಯ ಮೇಲೆ ರೈಲು ಬದಲಿಸದಿದ್ದರೆ, ಹತ್ತಿದ ದಿನ ಮಾತ್ರ ಲೆಕ್ಕಕ್ಕೆ. ಅಂದರೆ ಪಾಸಿನ ಒಂದು ದಿನ ಉಳಿಯಿತು, ಹಾಸ್ಟೆಲಿನ ಬಾಡಿಗೆಯೂ ಉಳಿಯಿತು! ನಾನು ಕೂಡಲೇ ಗೆರೆ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ, ಸಾಧ್ಯವಿದ್ದಲ್ಲೆಲ್ಲ ರಾತ್ರಿ ರೈಲು ತುಂಬಿಸಿ, ಮಗಳು ಯುರೋಪಿನಲ್ಲಿ ಎಲ್ಲಿಯೂ ಮಂಚದ ಮೇಲೆ ಮಲಗದ ಹಾಗೆ ಒಂದು ಟೈಮ್ ಟೇಬಲ್ ಬರೆದು ಫೋಟೋ ಹೊಡೆದು ಕಳಿಸಿದೆ. ಕಲೋನಿನಲ್ಲಿ ರೈಲು ಬದಲಿಸುವ ಹೊತ್ತಿಗೆ ನಿಲ್ದಾಣದ ಬಾಗಿಲಲ್ಲೇ ಇರುವ ಕೆಥೆಡ್ರಲ್ ನೋಡಿ ಬರುವುದು ಎಂದೂ ಸೇರಿಸಿದೆ. ಅದನ್ನು ಕಟ್ಟಲು ತೊಡಗಿದ್ದು 1248ರಲ್ಲಿ, ಮುಗಿದದ್ದು 1880ರಲ್ಲಿ. ನಮ್ಮ ಕಡೆಯ ಸೇತುವೆ ಕೆಲಸಗಳನ್ನು ನೋಡಿದವನಿಗೆ ಅದೇನೂ ಅಂಥ ತಡ ಅನಿಸಲಿಲ್ಲ.

ಮಗಳಿಂದ ಒಂದು ಹೆಬ್ಬೆರಳು ಬಂತು. ಈ ಕಾಲದ ಮಕ್ಕಳು ಹೆಬ್ಬೆರಳು ಕಳಿಸಿದರೆ ಓದಿಲ್ಲ ಎಂದು ಅರ್ಥ.

ಆಹಾರ ಮಂತ್ರಿಯ ಸಿದ್ಧತೆ ಇನ್ನೂ ಹಿಂದಿನದು. ಮಗಳು ಹೋಗುವಾಗಲೇ ಅವಳು ಕೋರಿ ರೊಟ್ಟಿ ಕಳಿಸಲು ಹೊರಟಿದ್ದಳು. ಯುರೋಪ್ ಒಕ್ಕೂಟದೊಳಗೆ ಹೊರದೇಶದ ಪ್ರಯಾಣಿಕರು ಮಾಂಸವನ್ನೂ ಹಾಲಿನ ಪದಾರ್ಥವನ್ನೂ ತರುವಂತಿಲ್ಲ. ಹಾಗಾಗಿ ತುಪ್ಪ ಹೊರಗೆ ಉಳಿಯಿತು. ಕೋರಿ, ಅಂದರೆ ಕೋಳಿ, ಊರಲ್ಲೇ ಉಳಿಯಿತು. ಹಪ್ಪಳದಂತೆ ಗರಿಗರಿಯಾದ ರೊಟ್ಟಿ ಮಾತ್ರ ಎರಡು ಬೈರಾಸಿನ ನಡುವೆ ಮಲಗಿ ವಿಮಾನ ಹತ್ತಿತು. ಅದನ್ನು ಜೋಪಾನ ಮಾಡಿ ಇಟ್ಟುಕೊಂಡಿದ್ದ ಮಗಳು ಈ ಪ್ರವಾಸಕ್ಕೆ ಬುತ್ತಿ ಕಟ್ಟಿದಳು.

ಜರ್ಮನಿಯ ದೂರದ ರೈಲುಗಳಲ್ಲಿ ಸದ್ದು ಮಾಡದೆ ಕೂರುವವರಿಗೆಂದೇ ಬೇರೆ ಭಾಗ ಇರುತ್ತದೆ. ಅಲ್ಲಿ ಫೋನ್ ಕೂಡ ಸುಮ್ಮನಿರಬೇಕು. ಮಗಳಿಗೆ ಸೀಟು ಸಿಕ್ಕಿದ್ದು ಅಲ್ಲೇ. ಹಸಿವಾಯಿತು. ಚೀಲದೊಳಗೇ ಕೈ ಹಾಕಿ, ಬೈರಾಸಿನ ಅಡಿಯಲ್ಲಿ, ಉಸಿರು ಬಿಗಿಹಿಡಿದು ರೊಟ್ಟಿಯ ಒಂದು ಮೂಲೆ ಮುರಿದಳು. ಟಪ್! ಮುಂದಿನ ಸೀಟಿನ ಪತ್ರಿಕೆ ಕೆಳಗಿಳಿಯಿತು. ತುಂಡನ್ನು ಬಾಯಿಗಿಟ್ಟು, ಜಗಿಯದೆ, ಅದಾಗಿಯೇ ಮೆತ್ತಗಾಗಲೆಂದು ಕಣ್ಣುಮುಚ್ಚಿ ಕುಳಿತಳಂತೆ. ಪಕ್ಕದ ಅಜ್ಜಿಗೆ ಕುತೂಹಲ ತಡೆಯಲಿಲ್ಲ, ಬೆರಳು ತೋರಿಸಿ ಏನೆಂದು ಕೇಳಿದರು. ಮಗಳು ಒಂದು ತುಂಡು ಕೊಟ್ಟಳು. ಅಜ್ಜಿಗೆ ಮೆತ್ತಗೆ ಮಾಡುವ ವಿದ್ಯೆ ಗೊತ್ತಿಲ್ಲವಲ್ಲ, ಕರುಂ ಕುರುಂ ಎಂದು ಇಡೀ ಬೋಗಿಗೆ ಕೇಳುವಂತೆ ತಿಂದು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದರು. ಈ ಸುದ್ದಿ ಕೇಳಿದ ದಿನದಿಂದ ಹೆಂಡತಿ, ತಾನೇ ಜರ್ಮನಿಗೆ ರೊಟ್ಟಿ ಪರಿಚಯಿಸಿದ್ದು ಎಂಬ ಗತ್ತಿನಲ್ಲಿ ನಡೆಯುತ್ತಿದ್ದಾಳೆ.

ನಮ್ಮ ನಿಜವಾದ ಪ್ರಯಾಣ ಶುರುವಾದದ್ದು ಮಗಳು ವಿಯೆನ್ನಾದ ರಾತ್ರಿ ರೈಲು ಹತ್ತಿದಾಗ. ಆರು ಬರ್ತಿನ ಕೋಣೆ, ಪರಿಚಯದವರು ಯಾರೂ ಇಲ್ಲ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಹತ್ತಕ್ಕೆ ಹೊರಟ ರೈಲು ನಮ್ಮಲ್ಲಿ ನಡುರಾತ್ರಿ ಒಂದೂವರೆಗೆ ಹೊರಡುತ್ತದೆ. ಅವಳು ವಾಟ್ಸಾಪಿನಲ್ಲಿ ಲೊಕೇಶನ್ ಹಂಚಿ, "ಗುಡ್ ನೈಟ್ ಅಪ್ಪ" ಎಂದು ಮಲಗಿದಳು. ನಾವು ಚಾವಡಿಯಲ್ಲಿ ಲೈಟು ಹಾಕಿ ಕುಳಿತೆವು. ಮ್ಯಾಪಿನ ಮೇಲೆ ಮಗಳ ಮುಖದ ಸಣ್ಣ ಚುಕ್ಕೆ ರೈನ್ ನದಿಯ ದಂಡೆ ಹಿಡಿದು ಓಡತೊಡಗಿತು. ಹೆಂಡತಿ ಕಾಫಿ ಮಾಡಿದಳು. ಚುಕ್ಕೆ ಓಡಿತು. ಒಂದು ಕಡೆ ನಿಂತಿತು.

"ಎಂಥ, ನಿಂತಿತಾ?"

"ಕ್ರಾಸಿಂಗ್ ಇರಬೇಕು" ಎಂದೆ, ಮಂತ್ರಿಯ ಗಾಂಭೀರ್ಯದಲ್ಲಿ. ಕೊಂಕಣ ರೈಲ್ವೆ ಬಹುತೇಕ ಒಂಟಿ ಹಳಿ. ಎದುರಿನ ರೈಲು ದಾಟುವವರೆಗೆ ಯಾವುದೋ ಸಣ್ಣ ನಿಲ್ದಾಣದಲ್ಲಿ ಕಾಯುವುದು ನಮಗೆ ರೂಢಿ.

"ಅಲ್ಲಿ ಜೋಡಿ ಹಳಿ ಅಂತ ನೀವೇ ಮೊನ್ನೆ ಹೇಳಿದ್ದಲ್ವಾ?"

ಸುಮ್ಮನಾದೆ. ಬೆರಳಿನಲ್ಲಿ ಮ್ಯಾಪ್ ದೊಡ್ಡದು ಮಾಡಿದೆ. ಮಾಡಬಾರದಿತ್ತು. ಚುಕ್ಕೆ ದಂಡೆಯಲ್ಲಿರಲಿಲ್ಲ, ನೀಲಿಯ ಒಳಗಿತ್ತು. "ಅಯ್ಯೋ, ಹೊಳೆಯಲ್ಲಿ ಉಂಟಲ್ಲ!" ಎಂದವಳೇ ಹೆಂಡತಿ ತವರಿನ ಕಡೆಗೆ ತಿರುಗಿ, ಕಾಪುವಿನ ಮಾರಿಯಮ್ಮನಿಗೆ ಹೂವಿನ ಪೂಜೆ ಹೇಳಿಕೊಂಡಳು. ನಾನು ಫೋನು ಮಾಡಿದೆ. ಮತ್ತೆ ಮಾಡಿದೆ. ಆಮೇಲೆ ಹೆಂಡತಿಯ ಫೋನಿಂದ ಮಾಡಿದೆ. ಉಪಗ್ರಹ ತುಸು ಆಚೀಚೆ ತೋರಿಸುತ್ತದೆಂದು ನನಗೆ ಗೊತ್ತು. ಆದರೆ ಹಗಲು ಗೊತ್ತಿರುವ ವಿಷಯಗಳು ರಾತ್ರಿ ಎರಡೂವರೆಗೆ ಉಪಯೋಗಕ್ಕೆ ಬರುವುದಿಲ್ಲ. ಹೊತ್ತು ಹೋದ ಮೇಲೆ ಚುಕ್ಕೆ ನೀರಿನಿಂದ ಎದ್ದು ದಂಡೆ ಹತ್ತಿ ಹೊರಟಿತು. ನಮಗೆ ಮಾತ್ರ ನಿದ್ದೆ ಹೊರಟುಹೋಗಿತ್ತು.

ಮರುದಿನ ಮಗಳು, "ಒಳ್ಳೆ ನಿದ್ದೆ ಬಂತು ಅಪ್ಪ. ಹಾಸ್ಟೆಲ್ ದುಡ್ಡೂ ಉಳಿಯಿತು" ಎಂದಳು. ನಾನು ಹಳೆಯ ಅಭ್ಯಾಸದಿಂದ ಲೆಕ್ಕ ಹಾಕಿದೆ. ಜಮೆ: ಹಾಸ್ಟೆಲಿನ ಒಂದು ಮಂಚ. ಖರ್ಚು: ಕಾಫಿಪುಡಿ, ನಾಳೆಯ ಹಾಲು, ಚಾವಡಿಯ ಫ್ಯಾನು ಲೈಟು, ಹೂವಿನ ಪೂಜೆ, ಕಾಪುವಿಗೆ ಹೋಗಿಬರುವ ಬಸ್ಸು, ನನ್ನ ಬಿಪಿ ಮಾತ್ರೆ. ಅಗ್ಗದ ಪ್ರಯಾಣ ಎಂಬುದು ಇಲ್ಲ, ಟಿಕೆಟಿನ ಉಳಿದ ಭಾಗವನ್ನು ಬೇರೆ ಯಾರೋ ಕಟ್ಟುತ್ತಿರುತ್ತಾರೆ. ಯುರೋಪಿನಲ್ಲಿ ಕಾಲೇಜು ಮಕ್ಕಳು ರಾತ್ರಿ ರೈಲಿನಲ್ಲಿ ಉಳಿಸುವ ಒಂದೊಂದು ಯೂರೋಗೂ ಇಲ್ಲಿ ಕರಾವಳಿಯ ಯಾವುದೋ ಚಾವಡಿಯಲ್ಲಿ ಒಂದು ಲೈಟು ಉರಿಯುತ್ತಿರುತ್ತದೆ.

ಹೂವಿನ ಪೂಜೆ ಒಪ್ಪಿಸಲು ಕಾಪುವಿಗೆ ಹೋದಾಗ ಹೆಂಡತಿಯ ಅಣ್ಣ ಸಿಕ್ಕಿದ. ದೀಪಸ್ತಂಭದ ಹತ್ತಿರ ಮನೆ. ಪ್ಯಾಕೇಜ್ ಟೂರಿನಲ್ಲಿ ಯುರೋಪ್ ನೋಡಿ ಬಂದವನು. ಅವನ ಪ್ರಕಾರ ಸ್ವಿಜರ್ಲೆಂಡ್ ಎಂದರೆ ಬಸ್ಸಿನ ಎಡಗಡೆಯ ಕಿಟಕಿ. "ಎಂಥ ಭಾವ, ಮಗಳನ್ನು ಜನರಲ್ ಬೋಗಿಯಲ್ಲಿ ಕಳಿಸಿದ್ದೀರಂತೆ?" ಎಂದ.

ಜರ್ಮನಿಯಲ್ಲಿ ಟಿಕೆಟಿದ್ದರೆ ಸಾಕು, ಸೀಟು ಕಾದಿರಿಸದೆಯೂ ದೂರದ ರೈಲು ಹತ್ತಬಹುದು, ಜಾಗ ಇಲ್ಲದಿದ್ದರೆ ನಿಲ್ಲುವುದು ಎಂದು ವಿವರಿಸಿದೆ. ಕಾರ್ಕಳದಿಂದ ಮಣಿಪಾಲಕ್ಕೆ ನಾಲ್ಕು ವರ್ಷ ಬಸ್ಸಿನಲ್ಲಿ ನಿಂತೇ ಹೋಗಿ ಇಂಜಿನಿಯರ್ ಆದವಳಿಗೆ ಅದೇನು ಮಹಾ?

ಹೆಂಡತಿ ಅಲ್ಲಿಗೇ ಬಿಡಲಿಲ್ಲ. "ನೀನು ಹೋದಾಗ ಸ್ಟೇಷನ್ ಟಾಯ್ಲೆಟಿಗೆ ಎಷ್ಟು ಕೊಟ್ಟೆ ಅಣ್ಣ?"

"ಒಂದು ಯೂರೋ."

"ನೂರು ರೂಪಾಯಿ! ಉಡುಪಿಯಲ್ಲಿ ಮಸಾಲೆದೋಸೆ ಬರುತ್ತದೆ. ನಮ್ಮ ಹುಡುಗಿ ಇಳಿಯುವ ಮೊದಲೇ ರೈಲಿನಲ್ಲಿ ಮುಗಿಸಿ ಇಳಿಯುತ್ತಾಳೆ. ಅಲ್ಲಿ ಪುಕ್ಕಟೆ."

ಭಾವ ಲೆಕ್ಕ ಹಾಕುತ್ತಿರುವುದು ಮುಖದಲ್ಲಿ ಕಂಡಿತು. ಏಳು ದೇಶ, ಇಬ್ಬರು, ಅತ್ತಿಗೆಗೆ ಸಕ್ಕರೆ ಕಾಯಿಲೆ. ಬಹಳ ಹೊತ್ತು ಅವನು ಮಾತಾಡಲಿಲ್ಲ.

ನನ್ನ ಕೆಂಪು ಶಾಯಿಯ ಟೈಮ್ ಟೇಬಲ್ ಏನಾಯಿತೆಂದರೆ, ಮಗಳು ಅದರ ಒಂದು ರೈಲನ್ನೂ ಹಿಡಿಯಲಿಲ್ಲ. ವಿಯೆನ್ನಾದ ರಾತ್ರಿ ರೈಲು ಅವಳೇ ಹುಡುಕಿದ್ದು. ಅಲ್ಲಿಂದ ಮುಂದೆ ಒಂದು ದಿನ, "ರೈಲು ತಪ್ಪಿತು ಅಪ್ಪ, ಒಳ್ಳೇದೇ ಆಯ್ತು. ಇಲ್ಲೊಂದು ಸಣ್ಣ ಊರು ಉಂಟು, ಹೆಸರು ಹೇಳಲಿಕ್ಕೆ ಬರುವುದಿಲ್ಲ, ಕೆರೆ ಚೆಂದ ಉಂಟು" ಎಂದು ನಗುತ್ತ ಹೇಳಿದಳು. ರೈಲು ತಪ್ಪಿತು ಎಂಬ ಮಾತಿನ ಪಕ್ಕದಲ್ಲಿ ಒಳ್ಳೇದಾಯ್ತು ಎಂಬ ಮಾತು ಕುಳಿತದ್ದನ್ನು ನಾನು ಕಂಡಿರಲಿಲ್ಲ. ನಮಗೆ ರೈಲು ತಪ್ಪುವುದೆಂದರೆ ತತ್ಕಾಲ್, ವೇಟಿಂಗ್ ಲಿಸ್ಟ್, ಮುಂಬಯಿಯ ಸಂಬಂಧಿಕರಿಗೆ ಉತ್ತರ. ಪಾಸ್ ಇದ್ದವರಿಗೆ ಮುಂದಿನ ರೈಲೂ ತಮ್ಮದೇ.

ಕೊನೆಗೆ ಮಗಳೇ, "ನೀವಿಬ್ಬರೂ ಬನ್ನಿ. ಯೂರೇಲಿನಲ್ಲಿ ಅರುವತ್ತು ದಾಟಿದವರಿಗೆ ಶೇಕಡಾ ಹತ್ತು ಕಡಿಮೆ" ಎಂದಳು. ನನಗೆ ಕಣ್ಣು ತುಂಬಿತು. ನಮ್ಮಲ್ಲಿ ಗಂಡಸರಿಗೆ ಅರುವತ್ತಕ್ಕೆ ಶೇಕಡಾ 40, ಹೆಂಗಸರಿಗೆ 58ಕ್ಕೇ ಶೇಕಡಾ 50 ರಿಯಾಯಿತಿ ಇತ್ತು. 2020ರ ಮಾರ್ಚಿನಲ್ಲಿ ಅದು ನಿಂತಿತು. ನಾನು ಹಿರಿಯ ನಾಗರಿಕನಾದದ್ದು ಅದರ ನಂತರ. ನನ್ನ ವಯಸ್ಸಿಗೆ ಬೆಲೆ ಕಟ್ಟುವ ಒಂದು ರೈಲಾದರೂ ಭೂಮಿಯ ಮೇಲೆ ಉಂಟಲ್ಲ!

ಹೆಂಡತಿ ಒಂದೇ ಷರತ್ತು ಹಾಕಿದಳು. "ಹೋಗುವ. ಆದರೆ ರಾತ್ರಿ ರೈಲು ಹತ್ತಿದ ಕೂಡಲೇ ನಾನು ಫೋನು ಬಂದ್ ಮಾಡಿ ಮಲಗುವವಳು. ಅವಳು ಎದ್ದು ಕೂತು ಚುಕ್ಕೆ ನೋಡಲಿ. ಹೊಳೆಗೆ ಬಿದ್ದರೆ ಹೂವಿನ ಪೂಜೆಯೂ ಅವಳದ್ದೇ."

ಮಗಳಿಗೆ ಹಾಗೆಯೇ ಹೇಳಿದೆ.

"ಆಯ್ತು. ಅಮ್ಮ ಎಷ್ಟು ಬೇಕಾದರೂ ಮಲಗಲಿ. ನೀವು ಮಾತ್ರ ಇಂಜಿನ್ ಹತ್ತಿರ ಹೋಗಿ ಡ್ರೈವರಿಗೆ ಕೊಂಕಣ ರೈಲ್ವೆ ವಿಷಯ ಹೇಳಲಿಕ್ಕೆ ನಿಲ್ಲಬೇಡಿ ಅಪ್ಪ" ಎಂದಳು.