ರೋಗಿದರ್ಶನ ಮೀಮಾಂಸೆ, ಅಥವಾ ಚಿಕಿತ್ಸೆಯ ಐದನೆಯ ಪಾದ

ಚಿಕಿತ್ಸೆಗೆ ಪಾದಗಳು ನಾಲ್ಕೆಂದು ಚರಕಸಂಹಿತೆಯ ಸೂತ್ರಸ್ಥಾನವು ವಿಧಿಸಿದೆ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ಈ ನಾಲ್ಕಕ್ಕೂ ತಲಾ ನಾಲ್ಕು ಗುಣಗಳನ್ನು ಹೇಳಿ, ಹದಿನಾರಕ್ಕೆ ಲೆಕ್ಕ ಮುಗಿಸಿದ ಆ ಮಹಾಗ್ರಂಥವು, ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗ ಹೋಬಳಿಯಲ್ಲಿ ಹಸುಗೂಸೂ ಬಲ್ಲ ಐದನೆಯ ಪಾದವನ್ನು, ಎಂದರೆ ರೋಗಿಯನ್ನು ‘ಮಾತಾಡಿಸಿಕೊಂಡು ಹೋಗಲು ಬಂದವರನ್ನು’, ಏತಕ್ಕೆ ಕೈಬಿಟ್ಟಿತೆಂಬುದು ವಿದ್ವಾಂಸರು ಇದುವರೆಗೆ ಮುಟ್ಟದ ಪ್ರಶ್ನೆ. ಚರಕನ ಕಾಲದಲ್ಲಿ ಬಸ್ಸುಗಳಿರಲಿಲ್ಲವೆಂಬುದೊಂದು ಸಮಾಧಾನ.

ಈ ಪಾದದ ಲಕ್ಷಣವನ್ನು ನಿರೂಪಿಸಲು ಒಬ್ಬ ರೋಗಿ ಬೇಕು. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಹುಣ್ಣು ಮಾಯದೆ, ತಾಲ್ಲೂಕು ಕೇಂದ್ರದ ಆಸ್ಪತ್ರೆಯೊಂದರಲ್ಲಿ ಮಲಗಿರುವ ಮಿತ್ರನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಬಂದವರು ಮೊದಲು ಗ್ಲೂಕೋಸ್ ಬಾಟಲಿಯನ್ನು ನೋಡಿ, ಅದು ಎಷ್ಟು ಖಾಲಿಯಾಗಿದೆಯೆಂದು ಪರಸ್ಪರ ವಿಚಾರಿಸಿ, ಬಳಿಕ ಮಂಚದ ಮೇಲೆ, ಅದೂ ನೋಯುವ ಕಾಲಿನ ಪಕ್ಕದಲ್ಲಿಯೇ, ಆಸೀನರಾಗುವರು. “ನಮ್ ಭಾವನಿಗೂ ಹಿಂಗೇ ಶುರುವಾಗಿದ್ದು ಕಣಣ್ಣಾ, ಆಮೇಲೆ ಮೊಣಕಾಲಿನವರೆಗೂ ತೆಗೆದ್ರು. ನೀನು ಮಾತ್ರ ಧೈರ್ಯವಾಗಿರು” ಎಂಬುದು ಸಾಂತ್ವನದ ಮೊದಲ ವಾಕ್ಯ. ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಎರಡು ಕಿಲೋ ತಂದವರು, ಸಕ್ಕರೆ ರೋಗಿಗೆ ಅದು ವರ್ಜ್ಯವೆಂದು ದಾದಿಯು ಗದರಿಸಿದ ಮೇಲೆ, ಹಣ್ಣು ಹಾಳಾಗಬಾರದೆಂಬ ಏಕೈಕ ಉದ್ದೇಶದಿಂದ ತಾವೇ ತಿಂದು ಮುಗಿಸುವರು. ರೋಗಿಯಾದರೋ ಎಲ್ಲರಿಗೂ ಕಾಫಿ ತರಿಸಿ, ಅಳುವವರನ್ನು ಸಮಾಧಾನಪಡಿಸಿ, ಸಂಜೆಯ ಹೊತ್ತಿಗೆ ತಾಪಮಾನ ಏರಿಸಿಕೊಳ್ಳುವನು.

ಇವೆಲ್ಲ ಈ ಶಾಸ್ತ್ರದ ಬಾಹ್ಯಾಚಾರ. ಅದರ ಮರ್ಮವಿರುವುದು ಪ್ರಾರ್ಥನೆಯಲ್ಲಿ. ಚರಕನೂ ದೈವವ್ಯಪಾಶ್ರಯವೆಂಬ ಚಿಕಿತ್ಸೆಯನ್ನು ಒಪ್ಪಿ, ಮಂತ್ರ, ಹೋಮ, ಉಪವಾಸಗಳನ್ನು ಅದರಲ್ಲಿ ಎಣಿಸಿದ್ದಾನೆ. ಆದರೆ ಒಬ್ಬನ ಹರಕೆಯನ್ನು ಇನ್ನೊಬ್ಬನ ತಲೆಗೆ ಕಟ್ಟುವ ನಮ್ಮ ಸೀಮೆಯ ಸೂಕ್ಷ್ಮೋಪಾಯವು ಅವನಿಗೆ ಹೊಳೆದಿರಲಿಲ್ಲ. ಬಂದ ಸ್ನೇಹಿತರಲ್ಲಿ ಒಬ್ಬನು, ವಾಸಿಯಾದರೆ ಇವನನ್ನು ಕೈವಾರಕ್ಕೆ ಬರಿಗಾಲಿನಲ್ಲಿ ನಡೆಸಿಕೊಂಡು ಬರುವೆನೆಂದು ಅಮರನಾರಾಯಣಸ್ವಾಮಿಗೆ ಮಾತು ಕೊಡುತ್ತಾನೆ. ಹುಣ್ಣಿರುವುದು ಅಂಗಾಲಿನಲ್ಲೆಂಬುದು ಗೌಣ. ಇನ್ನೊಬ್ಬನು ಜಾತಿಮತಗಳ ಭೇದವಿಲ್ಲದೆ ಜನ ಸೇರುವ ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾದಲ್ಲಿ ಸಕ್ಕರೆ ಓದಿಸಿ, ರೋಗಿಯ ಕೈಯಿಂದಲೇ ಹಂಚಿಸಿ, ಮೊದಲ ಚಿಟಿಕೆಯನ್ನು ಅವನ ಬಾಯಿಗೇ ಹಾಕುವೆನೆನ್ನುತ್ತಾನೆ. ಮೂರನೆಯವನದು ವಿದುರಾಶ್ವತ್ಥದಲ್ಲಿ ನಾಗಪ್ರತಿಷ್ಠೆ, ನಾಲ್ಕನೆಯವನದು ತಿರುಪತಿಗೆ ಮುಡಿ, ಐದನೆಯವನದು ಮನೆದೇವರಿಗೂ ಮುಡಿ. ಹೊತ್ತವರು ಐವರು, ತೀರಿಸಬೇಕಾದವನು ಒಬ್ಬ.

ಪಾಶ್ಚಾತ್ಯರು ಈ ಕ್ಷೇತ್ರದಲ್ಲಿ ಕೈಯಾಡಿಸದೆ ಇಲ್ಲ. ಫ್ರಾನ್ಸಿಸ್ ಗಾಲ್ಟನ್ ಎಂಬ ಆಂಗ್ಲ ಪಂಡಿತನು 1872ರಲ್ಲಿ, ಪ್ರಜೆಗಳೆಲ್ಲರೂ ದೀರ್ಘಾಯುಷ್ಯವನ್ನು ಕೋರುತ್ತಿರುವ ರಾಜವಂಶದವರ ಆಯುಸ್ಸನ್ನು ಲೆಕ್ಕಹಾಕಿ, ಇತರ ಸ್ಥಿತಿವಂತ ವರ್ಗದವರಿಗಿಂತ ಅವರೇ ಬೇಗ ಸಾಯುವರೆಂದು ತೋರಿಸಿದನು. ಅಮೆರಿಕದಲ್ಲಿ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೊಳಗಾದ 1802 ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಪರೀಕ್ಷೆಯು 2006ರಲ್ಲಿ ಪ್ರಕಟವಾಯಿತು. ಪ್ರಾರ್ಥನೆಯಿದೆಯೋ ಇಲ್ಲವೋ ತಿಳಿಯದವರಲ್ಲಿ, ಅದನ್ನು ಪಡೆದ ಗುಂಪಿನ ಶೇಕಡ 52 ಮಂದಿಗೂ ಪಡೆಯದ ಗುಂಪಿನ ಶೇಕಡ 51 ಮಂದಿಗೂ ತೊಡಕುಗಳು ಉಂಟಾದುವು; ತಮಗಾಗಿ ಪ್ರಾರ್ಥಿಸುತ್ತಿದ್ದಾರೆಂದು ಖಚಿತವಾಗಿ ತಿಳಿದವರಲ್ಲಿ ಮಾತ್ರ ಶೇಕಡ 59 ಮಂದಿಗೆ.

ಆ ಪರೀಕ್ಷೆಯಲ್ಲಿ ಗೋತ್ರ, ನಕ್ಷತ್ರ, ರಾಶಿಗಳಿಲ್ಲದೆ, ರೋಗಿಯ ಹೆಸರನ್ನೂ ಮನೆತನದ ಹೆಸರಿನ ಮೊದಲ ಅಕ್ಷರವನ್ನೂ ಮಾತ್ರ ಕೊಟ್ಟು ಮಾಡಿಸಿದ ಸಂಕಲ್ಪವು ಯಾರ ಮನೆ ಬಾಗಿಲನ್ನು ತಟ್ಟೀತೆಂದು ನಮ್ಮ ಪುರೋಹಿತರು ಕೇಳಬಹುದು. ಆ ಆಕ್ಷೇಪಣೆಯನ್ನು ಬದಿಗಿಡೋಣ. ತಿಳಿದವರೇ ಏಕೆ ಹೆಚ್ಚು ನರಳಿದರೆಂಬುದು ಆ ವಿದ್ವಾಂಸರನ್ನು ದಿಗ್ಭ್ರಮೆಗೊಳಿಸಿತು. ಅಂಬಾಜಿದುರ್ಗದ ಬುಡದಲ್ಲಿ ನಿಂತು ನೋಡುವವನಿಗೆ ಇದರಲ್ಲಿ ಒಗಟೇನೂ ಇಲ್ಲ: ಪ್ರಾರ್ಥನೆ ನಡೆದಿದೆಯೆಂದು ತಿಳಿದ ರೋಗಿಗೆ, ಗುಣವಾದೊಡನೆ ಹರಕೆಯ ಪಟ್ಟಿ ಬರುವುದೆಂಬುದೂ ತಿಳಿದಿರುತ್ತದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ ಪವಾಡಗಳ ಪರಿಶೀಲನೆಗೆಂದು ಸಮಿತಿಯನ್ನು ರಚಿಸಿದರಷ್ಟೆ. ಎರಡು ಕಿಲೋ ದ್ರಾಕ್ಷಿಯನ್ನು ಅದೃಶ್ಯಗೊಳಿಸುವ ನಮ್ಮ ಐದನೆಯ ಪಾದವನ್ನು ಅದರ ಮುಂದೆ ನಿಲ್ಲಿಸಲಿಲ್ಲವೆಂಬುದು ಪ್ರಕೃತ ಲೇಖಕನ ವಿನಮ್ರ ವಿಷಾದ.

ಉಳಿದಿರುವುದು ಋಣವಿಮೋಚನೆಯ ಕ್ರಮ. ಕೇಶವು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುವುದರಿಂದ, ತಿರುಪತಿಯಲ್ಲಿ ಬೋಳಿಸಿದ ತಲೆಯನ್ನು ಮನೆದೇವರ ಮುಂದೆ ಮರ್ಯಾದೆಯಿಂದ ಒಡ್ಡಲು ಆರು ತಿಂಗಳಾದರೂ ಬೇಕು. ಮನೆದೇವರನ್ನು ಮೊದಲು ಮಾಡಿದರೆ ಅಷ್ಟು ದಿನ ತಿಮ್ಮಪ್ಪನಿಗೆ ಬಡ್ಡಿ ಏರುತ್ತದೆ. ಈ ಪೂರ್ವಪಕ್ಷ ಸಿದ್ಧಾಂತಗಳು ಮಂಚದ ಎರಡೂ ಬದಿಯಿಂದ ಘನಘೋರವಾಗಿ ನಡೆಯುತ್ತಿರುವಾಗಲೇ ವೈದ್ಯರು ಬಂದು, ಹುಣ್ಣು ಒಣಗಿದೆ, ನಾಳೆ ಮನೆಗೆ ಹೋಗಬಹುದೆಂದರು. ರೋಗಿಯು ಅವರ ಕೋಟಿನ ತುದಿಯನ್ನು ಹಿಡಿದು, “ಇನ್ನೊಂದು ವಾರ ಇಲ್ಲೇ ಇರ್ತೀನಿ ಸಾರ್” ಎಂದನು. ಹಾಸಿಗೆ ಖಾಲಿಯಿಲ್ಲವೆಂದು ವೈದ್ಯರು ಮುಂದಿನ ಮಂಚಕ್ಕೆ ನಡೆದರು; ಅಲ್ಲಿಯೂ ಕಾಲಿನ ಪಕ್ಕದಲ್ಲಿ ನಾಲ್ವರು ಕುಳಿತಿದ್ದರು.