ಪಾದತ್ರಾಣ ವಿಭಾಗ ಮೀಮಾಂಸೆ

ಸಾಂಗ್ಲಿ ಮತ್ತು ಮಿರಜಗಳ ಬಾಲಿಕಾ ಫುಟ್‌ಬಾಲ್ ತಂಡಗಳಿಗೆ ದಾನವಾಗಿ ಬಂದಿಳಿಯುವ ಬೂಟು, ಚೆಂಡು, ಜೆರ್ಸಿ ಮತ್ತು ಶಿನ್‌ಗಾರ್ಡ್‌ಗಳನ್ನು (ಮೊಣಕಾಲಿನ ಕೆಳಗಿನ ಮೂಳೆಗೆ ಪೆಟ್ಟಾಗದಂತೆ ಕಾಲುಚೀಲದೊಳಗೆ ಇಟ್ಟುಕೊಳ್ಳುವ ಕವಚ) ನ್ಯಾಯಸಮ್ಮತವಾಗಿ ಹಂಚುವ ಶಾಸ್ತ್ರಕ್ಕೆ ಈ ಪ್ರಬಂಧದಲ್ಲಿ ‘ಸಮಗ್ರ ಕ್ರೀಡಾದ್ರವ್ಯ ಸಮವಿನಿಯೋಗ’ ಎಂಬ ಹೆಸರನ್ನು ಇಡಲಾಗಿದೆ. ಇದಕ್ಕಿಂತ ಚಿಕ್ಕ ಹೆಸರಿಟ್ಟರೆ ಅನುದಾನದ ಅರ್ಜಿ ತಿರಸ್ಕೃತವಾಗುವ ಭಯವಿದೆ.

ಹಂಚಿಕೆಯ ವಿಷಯದಲ್ಲಿ ಕನ್ನಡ ನೆಲ ಜಗತ್ತಿಗೆ ಕೊಟ್ಟ ಪ್ರಮಾಣಗ್ರಂಥವೆಂದರೆ ಮಿತಾಕ್ಷರ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನವು ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗನಿಗೆ ಜನ್ಮಸ್ವತ್ವವನ್ನು, ಅಂದರೆ ಹುಟ್ಟಿದ ಗಳಿಗೆಯಿಂದಲೇ ಪಾಲಿನ ಹಕ್ಕನ್ನು, ಸ್ಥಾಪಿಸಿತು; ಅದೇ ಹಕ್ಕನ್ನು ಮಗಳಿಗೆ ಮಹಾರಾಷ್ಟ್ರವೂ ಕರ್ನಾಟಕವೂ 1994ರಲ್ಲಿ, ಕೇಂದ್ರವು 2005ರಲ್ಲಿ ಕಾನೂನಿನ ಮೂಲಕ ಕೊಟ್ಟರೂ, ಆ ತಿದ್ದುಪಡಿಗಳು ಆಟದ ಮೈದಾನದ ಗೇಟಿನ ಹೊರಗೇ ನಿಂತಿರುವಂತೆ ತೋರುತ್ತದೆ. ಸಂಜೆಯ ತಂಪು ಹೊತ್ತು ಹುಡುಗರ ಪಿತ್ರಾರ್ಜಿತ, ದಾನದ ಮೂಟೆ ಬಿಚ್ಚಿದಾಗ ಮೊದಲ ಆಯ್ಕೆಯೂ ಅವರ ಜನ್ಮಸ್ವತ್ವ. ಅವರು ಆರಿಸಿ ಉಳಿಸಿದ್ದನ್ನು ಹುಡುಗಿಯರ ಕೈಗಿಡುವ ಕ್ರಿಯೆಗೆ ಪಾರಿಭಾಷಿಕವಾಗಿ ‘ಬಾಲಿಕಾ ಸಬಲೀಕರಣ’ ಎನ್ನಲಾಗುತ್ತದೆ.

ದಾನವು ಐದು ವಿಧ. ಮೊದಲನೆಯದಾದ ಛಾಯಾಪ್ರಧಾನ ದಾನದಲ್ಲಿ ವಸ್ತು ಗೌಣ, ಫೋಟೋ ಮುಖ್ಯ. ಒಂದೇ ಜೋಡಿ ಬೂಟು ಒಂದೇ ಸಂಜೆ ಮೂವರು ಹುಡುಗಿಯರ ಕೈಗೆ ಬಂದು, ಮೂರು ಸಲವೂ ಚಪ್ಪಾಳೆ ಗಿಟ್ಟಿಸಿ, ಮತ್ತೆ ಡಬ್ಬಿ ಸೇರುವುದು ಇದರ ಲಕ್ಷಣ. ಎರಡನೆಯದಾದ ವಿಸರ್ಜನಾತ್ಮಕ ದಾನಕ್ಕೆ ದಾನಿಯ ಅಟ್ಟ ಖಾಲಿಯಾಗುವುದೇ ಫಲ; ಒಂಬತ್ತನೇ ನಂಬರಿನ ಬೂಟು, ಗಾಳಿ ನಿಲ್ಲದ ಚೆಂಡು, ಬೆನ್ನ ಮೇಲೆ ಸಿಮೆಂಟಿನ ಜಾಹೀರಾತು ಹೊತ್ತ ಎಕ್ಸೆಲ್ ಜೆರ್ಸಿ ಇದರ ಉದಾಹರಣೆಗಳು. ಮೂರನೆಯದು ಚುನಾವಣಾಪೂರ್ವ ದಾನ, ವಿವರಣೆ ಬೇಡ. ಉಳಿದೆರಡನ್ನು ಮುಂದಿನ ಸಂಪುಟಕ್ಕೆ ಬಿಡಲಾಗಿದೆ, ಏಕೆಂದರೆ ಮೂರನೆಯದಕ್ಕೆ ಬರುವಷ್ಟರಲ್ಲಿ ಬೂಟುಗಳೇ ಮುಗಿದಿದ್ದವು.

ಆಧುನಿಕರ ಪೈಕಿ ಅಮರ್ತ್ಯ ಸೇನರು 2009ರ ತಮ್ಮ ಗ್ರಂಥದಲ್ಲಿ ಒಂದು ಕೊಳಲನ್ನು ಮೂವರು ಮಕ್ಕಳ ನಡುವೆ ಇಟ್ಟು, ಅದು ನುಡಿಸಬಲ್ಲವಳಿಗೋ, ಆಟಿಕೆಯೇ ಇಲ್ಲದ ಬಡವನಿಗೋ, ಅದನ್ನು ಮಾಡಿದವಳಿಗೋ ಎಂದು ಕೇಳುತ್ತಾರೆ. ಕೊಳಲಿಗೆ ನಂಬರಿಲ್ಲದ್ದರಿಂದ ಆ ಚರ್ಚೆ ಅಷ್ಟು ಸಲೀಸಾಗಿ ಸಾಗಿತು. ಮಿರಜದವರಿಗೆ ಅಳತೆಯ ಮಹತ್ವವನ್ನು ಯಾರೂ ಹೇಳಿಕೊಡಬೇಕಿಲ್ಲ: ಭೌಗೋಳಿಕ ಸೂಚಕದ ಮನ್ನಣೆ ಪಡೆದ ಇಲ್ಲಿನ ತಂಬೂರಿಯನ್ನು ಕಟ್ಟುವವರು ಗಂಡು ದನಿಗೆ ದೊಡ್ಡದು, ಹೆಣ್ಣು ದನಿಗೆ ಚಿಕ್ಕದು ಎಂದು ತಲೆಮಾರುಗಳಿಂದ ಬುರುಡೆಯನ್ನು ಆರಿಸುತ್ತ ಬಂದಿದ್ದಾರೆ. ಅದೇ ಊರಿನಲ್ಲಿ ಹದಿಮೂರರ ಹುಡುಗಿಯ ಕಾಲಿಗೆ ಒಂಬತ್ತನೇ ನಂಬರಿನ ಬೂಟು!

ಅವಳು ಬೂಟಿನ ಮೂತಿಗೆ ಹಳೆಯ ಪತ್ರಿಕೆಯನ್ನು ತುರುಕಿ, ಲೇಸನ್ನು ಅಡಿಯಿಂದ ಎರಡು ಸುತ್ತು ತಂದು ಹರಡಿಗೆ ಬಿಗಿದುಕೊಳ್ಳುತ್ತಾಳೆ; ಓಡಿದರೆ ಹಿಮ್ಮಡಿ ಒಳಗೊಳಗೇ ಜಾರಿ ಉಜ್ಜಿ, ಕಿತ್ತ ಚರ್ಮ ಕಾಲುಚೀಲಕ್ಕೆ ಅಂಟುತ್ತದೆ. ಇದಕ್ಕೆ ಸಮವಿನಿಯೋಗವೂ ಬೇಡ, ಮೀಮಾಂಸೆಯೂ ಬೇಡ. ಪಾದವನ್ನು ಹಾಳೆಯ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ದಾನಿಗೆ ಕಳಿಸಿದ್ದರೆ ಸಾಕಿತ್ತು. ಅದನ್ನು ಯಾರೂ ಮಾಡಲಿಲ್ಲ, ಏಕೆಂದರೆ ಅಳತೆ ಕೇಳಹೊರಟವರು ಬೇಕಾದದ್ದೇನು ಎಂದೂ ಕೇಳಬೇಕಾಗುತ್ತದೆ, ಆಗ ಹುಡುಗಿಯರು ಸ್ಪೋರ್ಟ್ಸ್ ಬ್ರಾ, ಪ್ಯಾಡು, ಚಿಲಕವಿರುವ ಶೌಚಾಲಯ, ಕತ್ತಲಾಗುವ ಮುಂಚೆ ಮೈದಾನ, ಜತ್ತ ತಾಲ್ಲೂಕಿನ ಕನ್ನಡ ಶಾಲೆಯಿಂದ ಪಂದ್ಯಕ್ಕೆ ಬರುವವಳಾದರೆ ಬಸ್ ಚಾರ್ಜು ಎಂದಾರು. ಇವುಗಳಲ್ಲಿ ಒಂದನ್ನೂ ಹಾರದ ಜೊತೆ ಹಿಡಿದು ವೇದಿಕೆಯ ಮೇಲೆ ನಿಲ್ಲಲಾಗುವುದಿಲ್ಲ.

ಪೂರ್ವಪಕ್ಷಿಗಳು ಇಲ್ಲಿ ಸಾಂಗ್ಲಿಯಲ್ಲೇ ಬೆಳೆದ ಕ್ರಿಕೆಟ್ ಆಟಗಾರ್ತಿ ಸ್ಮೃತಿ ಮಂಧಾನರನ್ನು ಮುಂದಿಡಬಹುದು. 2013ರಲ್ಲಿ ವಡೋದರಾದಲ್ಲಿ, 19 ವರ್ಷದೊಳಗಿನವರ ಒಂದು ದಿನದ ಪಂದ್ಯದಲ್ಲಿ ಗುಜರಾತಿನ ವಿರುದ್ಧ ಅವರು ಅಜೇಯ 224 ರನ್ ಹೊಡೆದದ್ದು ರಾಹುಲ್ ದ್ರಾವಿಡ್ ಅವರು ಸ್ಮೃತಿಯವರ ಅಣ್ಣನಿಗೆ ಕೊಟ್ಟಿದ್ದ ಬ್ಯಾಟಿನಿಂದ. ಗಂಡಿಗೆ ಬಂದದ್ದು ಹೆಣ್ಣಿಗೆ ದಾಟಿ ಫಲಿಸಿತಲ್ಲವೇ? ಫಲಿಸಿತು, ಸರಿ. ಆದರೆ ಆ ಬ್ಯಾಟು ಕೈಗೆ ಒಪ್ಪಿದೆಯೆಂದು ಆಡುವವಳೇ ಕಂಡುಕೊಂಡು ಅದನ್ನು ಎತ್ತಿಕೊಂಡಿದ್ದಳು. ಅಷ್ಟೇ ವ್ಯತ್ಯಾಸ, ಮತ್ತು ಇಡೀ ವ್ಯತ್ಯಾಸ.

ಶಿನ್‌ಗಾರ್ಡಿನ ಪ್ರಕರಣ ಉಳಿದಿದೆ. ಫುಟ್‌ಬಾಲಿನ 4ನೆಯ ನಿಯಮದಂತೆ ಅದಿಲ್ಲದೆ ಯಾರೂ ಕಣಕ್ಕಿಳಿಯುವಂತಿಲ್ಲ; ಜೋಡಿಗಳು ಕಡಿಮೆ ಬಿದ್ದಾಗ ಹೊರಬರುವವಳು ಗೆರೆಯ ಪಕ್ಕ ಕುಕ್ಕರಿಸಿ, ಬೆವರಿನಿಂದ ಒದ್ದೆಯಾದ ತನ್ನ ಜೋಡಿಯನ್ನು ಕಿತ್ತು, ಒಳಹೋಗುವವಳ ಕಾಲುಚೀಲದೊಳಗೆ ತಾನೇ ತೂರಿಸುತ್ತಾಳೆ. ರೆಫರಿ ಕಾಯುವುದಿಲ್ಲ, ತಂಡ ಹತ್ತೇ ಜನರಲ್ಲಿ ಆಡುತ್ತಿರುತ್ತದೆ. ಆ ಹೊತ್ತಿನಲ್ಲಿ ಗೋಲು ಬಿದ್ದರೆ, ವರ್ಷದ ಕೊನೆಗೆ ದಾನಿಗಳಿಗೆ ಹೋಗುವ ವರದಿಯಲ್ಲಿ ‘ಬಾಲಕಿಯರಲ್ಲಿ ಸ್ಪರ್ಧಾತ್ಮಕ ಮನೋಭಾವದ ಕೊರತೆ ಕಂಡುಬಂದಿದೆ’ ಎಂದು ನಮೂದಾಗುತ್ತದೆ.